ಟೀವಿಯಲ್ಲಿ ಇನ್ನೂ ಬೀಳದ ಕುದುರೆ

ರೇಸಿನ ದಿನ ನಮ್ಮ ಮನೆಯಲ್ಲಿ ಒಂದೇ ಕುದುರೆ ನಾಲ್ಕು ಸಲ ಗೆಲ್ಲುತ್ತಿತ್ತು. ಮೊದಲು ಮಹಡಿಯ ಹಿಂದಿನ ಕೋಣೆಯಲ್ಲಿ, ಗ್ರೇಹಮ್ ಕುರ್ಚಿಯನ್ನು ಹಿಂದಕ್ಕೆ ದೂಡಿದ ಸದ್ದಿನಲ್ಲಿ. ಆಮೇಲೆ ಹಿತ್ತಲ ಗೋಡೆಯಾಚೆ, ರೇಸ್‌ಕೋರ್ಸಿನ ಜನರ ಕೂಗಿನಲ್ಲಿ. ಆಮೇಲೆ ಕೆಳಗೆ ನನ್ನ ಟೀವಿಯಲ್ಲಿ. ಎಲ್ಲ ಮುಗಿಯಿತೆಂದು ನಾನು ಟೀಗೆ ನೀರಿಡಲು ಎದ್ದ ಮೇಲೆ, ಪಕ್ಕದ ಮನೆಯ ಕ್ಲಿಫರ್ಡನ ಗಂಟಲಲ್ಲಿ.

ಕ್ಲಿಫರ್ಡ್ ನಮ್ಮೂರು ಥಾರ್ನ್‌ಬಿಯಲ್ಲಿ ಬಸ್ಸು ಓಡಿಸಿ ನಿವೃತ್ತನಾದವನು. ನಮ್ಮ ಸಾಲಿನ ಮನೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಅವನು ಕೆಮ್ಮಿದರೆ ನನ್ನ ಕಪಾಟಿನ ಕಪ್ಪು-ಬಸಿಗಳು ಅಲ್ಲಾಡುತ್ತವೆ. ಅವನ ಟೀವಿ ಇಂಟರ್‌ನೆಟ್ಟಿನಿಂದ ಬರುವಂಥದ್ದು, ನನ್ನದಕ್ಕಿಂತ ಇನ್ನೂ ಹಿಂದೆ. "ಬಾ, ಬಾ, ಬಾರೋ ನನ್ನ ರಾಜಾ!" ಎಂದು ಅವನು ಗೋಡೆಯಾಚೆ ಅರಚಿಕೊಳ್ಳುವಾಗ ಆ ರಾಜ ಆಗಲೇ ಓಟದ ದಾರಿಗೆ ಅಡ್ಡ ಹಾಕಿದ ಕೊನೆಯ ಬೇಲಿ ಹಾರಲಾರದೆ ಮುಗ್ಗರಿಸಿ ಬಿದ್ದು, ಸವಾರ ಎದ್ದು ಹುಲ್ಲು ಕೊಡವಿಕೊಳ್ಳುತ್ತಿರುತ್ತಿದ್ದ.

ಬರೀ ನೋಡುವುದಕ್ಕಾದರೆ ಈ ತಡದಿಂದ ಯಾರಿಗೂ ನಷ್ಟವಿಲ್ಲ. ಆದರೆ ಈಗ ಕುದುರೆ ಓಡುತ್ತಿರುವಾಗಲೇ ಫೋನಿನಲ್ಲಿ ಬಾಜಿ ಕಟ್ಟುತ್ತಾರೆ. ಒಬ್ಬ ಈ ಕುದುರೆ ಗೆಲ್ಲುತ್ತದೆ ಎನ್ನುತ್ತಾನೆ, ಎಲ್ಲೋ ಕೂತ ಇನ್ನೊಬ್ಬ ಗೆಲ್ಲುವುದಿಲ್ಲ ಎನ್ನುತ್ತಾನೆ, ನಡುವೆ ಕಂಪ್ಯೂಟರು ಇಬ್ಬರನ್ನೂ ಗಂಟು ಹಾಕುತ್ತದೆ. ಕ್ಲಿಫರ್ಡ್ ಸೋಫಾದಲ್ಲಿ ಕಾಲು ಚಾಚಿ, ತನ್ನ ಟೀವಿಯಲ್ಲಿ ಮುಂದಿರುವ ಕುದುರೆಯ ಮೇಲೆ ಕಟ್ಟುತ್ತಾನೆ. ಅದು ಬಿದ್ದದ್ದನ್ನು ಆಗಲೇ ಕಣ್ಣಾರೆ ಕಂಡ ಇನ್ಯಾವನೋ ಗೆಲ್ಲುವುದಿಲ್ಲ ಎಂದು ಆ ಬಾಜಿಯನ್ನು ಹಿಡಿಯುತ್ತಾನೆ. ಟೀವಿಯ ಚಿತ್ರ ಆಕಾಶದ ಉಪಗ್ರಹಕ್ಕೆ ಹೋಗಿ ಕೆಳಗಿಳಿದು ಬರುವಷ್ಟರಲ್ಲಿ, ಅಂದರೆ ನಾವು ಒಂದು ಗುಟುಕು ಟೀ ನುಂಗುವಷ್ಟರಲ್ಲಿ, ವ್ಯವಹಾರ ಮುಗಿದಿರುತ್ತದೆ. ಅಂಥ ಕಣ್ಣಾರೆ ಕಾಣುವವನೊಬ್ಬನನ್ನು ನಾನೇ ಮಹಡಿಯಲ್ಲಿ ಕೂರಿಸಿಕೊಂಡಿದ್ದೆ. ಇದು ಕ್ಲಿಫರ್ಡನಿಗೂ ಗೊತ್ತಿತ್ತು.

"ನನ್ನ ದುಡ್ಡು ನಿನ್ನ ಮಹಡಿ ಮೆಟ್ಲು ಹತ್ತುತ್ತಾ ಇದೆ ಕಣೇ ಹೇಜಲ್," ಎನ್ನುತ್ತಿದ್ದ.

"ಹಾಗಾದ್ರೆ ಕಟ್ಟೋದು ಬಿಡು."

"ಬಿಟ್ಟು ಏನ್ ಮಾಡ್ಲಿ? ಇಡೀ ಮಧ್ಯಾಹ್ನ ಗೇಟಲ್ಲಿ ನಿಂತು ನಿನ್ನ ಮುಖ ನೋಡ್ಲಾ?"

ಗ್ರೇಹಮ್ ನಮ್ಮ ಮನೆಗೆ ಬಂದದ್ದು ನನ್ನ ಗಂಡ ನಾರ್ಮನ್ ತೀರಿಕೊಂಡ ಮರು ಚಳಿಗಾಲ. ಬಾಗಿಲು ತಟ್ಟಿದ ಸದ್ದಿಗೆ ಹೋಗಿ ನೋಡಿದರೆ ಉದ್ದನೆಯ ಬೂದು ಕೋಟಿನ, ತಲೆ ಅರ್ಧ ಬೋಳಾದ, ಐವತ್ತು ದಾಟಿದ ಗಂಡಸು ಲ್ಯಾಪ್‌ಟಾಪಿನ ಚೀಲವನ್ನು ಎದೆಗವಚಿಕೊಂಡು ನಿಂತಿದ್ದ.

"ಮಿಸೆಸ್ ಟರ್ಟನ್ ಅಲ್ವಾ? ನಿಮ್ಮ ಹಿಂದಿನ ಕೋಣೆ ಕಿಟಕಿ ಒಂದ್ಸಲ ನೋಡ್ಬಹುದಾ?"

"ಯಾಕ್ರೀ, ಕಿಟಕಿ ಮಾರೋರಾ?"

"ಅಲ್ಲ. ಕಿಟಕಿಯಿಂದ ಹೊರಗೆ ನೋಡೋನು."

ಮುಖದಲ್ಲಿ ನಗುವಿನ ಸುಳಿವೇ ಇರಲಿಲ್ಲ. ಅದಕ್ಕೇ ಒಳಗೆ ಬಿಟ್ಟೆ. ಕಿಟಕಿಯ ಮುಂದೆ ನಿಂತು ಕೊನೆಯ ಬೇಲಿ, ಅದರಾಚೆಯ ನೇರ ಓಟದ ದಾರಿ, ಕೆಂಪು ಬಿಳಿ ಬಣ್ಣದ ಗೆಲುವಿನ ಕಂಬ ಎಲ್ಲವನ್ನೂ ನೋಡಿ ಉಸಿರು ಬಿಟ್ಟ. ಅದುವರೆಗೆ ರೇಸ್‌ಕೋರ್ಸಿನ ಒಳಗೇ ಒಂದು ಕೋಣೆಯಲ್ಲಿ, ತನ್ನಂಥವರ ಸಾಲಿನಲ್ಲಿ ಕೂತು ಆಡುತ್ತಿದ್ದನಂತೆ. "ಅಲ್ಲಿ ಪಕ್ಕದೋನು ಸತ್ರೂ ರೇಸ್ ಮುಗಿಯೋವರ್ಗೆ ಯಾರೂ ತಿರುಗಿ ನೋಡಲ್ಲ, ಮಿಸೆಸ್ ಟರ್ಟನ್. ಮುಗಿದ್ಮೇಲೂ ನೋಡಲ್ಲ," ಎಂದ. ಕೋಣೆಯನ್ನು ಬಾಡಿಗೆಗೆ ಹಿಡಿದ, ಅಲ್ಲಿಂದ ಶುರುವಾಯಿತು. ರೇಸಿನ ದಿನ ಲೀಡ್ಸಿನಿಂದ ರೈಲು ಹತ್ತಿ ಬರುವುದು, ಮಹಡಿಗೆ ಹೋಗಿ ಬಾಗಿಲು ಹಾಕಿಕೊಳ್ಳುವುದು, ಸಂಜೆಯ ರೈಲಿಗೆ ಹೋಗುವುದು. ರೇಸು ನಡೆಯುವಾಗ ನಾನು ಆ ಬಾಗಿಲು ತೆರೆಯಬಾರದು, ಮೆಟ್ಟಿಲ ಬುಡದಿಂದ ಕೂಗಬಾರದು. ಒಪ್ಪಿಕೊಂಡೆ.

ಎರಡು ರೇಸುಗಳ ನಡುವೆ ಮಾತ್ರ ಅವನು ಟೀಗೆ ಕೆಳಗಿಳಿದು ಬರುತ್ತಿದ್ದ. ನಾರ್ಮನ್ ಕೂರುತ್ತಿದ್ದ ಕುರ್ಚಿಯೆಂದು ಗೊತ್ತಿಲ್ಲದೆ ಅದರಲ್ಲೇ ಕೂರುತ್ತಿದ್ದ. ಶುಂಠಿ ಬಿಸ್ಕತ್ತನ್ನು ಟೀಯಲ್ಲಿ ಅದ್ದಿ, ಮುರಿದು ಬೀಳುವ ಮುಂಚಿನ ಕ್ಷಣದಲ್ಲಿ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಅದರಲ್ಲೂ ಬಾಜಿ ಕಟ್ಟಿದವನ ಹಾಗೆ ಗಮನ. ನನ್ನ ಟೀವಿಯ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ.

"ಇದನ್ನ ನೋಡೋದೂ ನಿನ್ನೆ ಪೇಪರ್ ಓದೋದೂ ಒಂದೇ."

"ನಿನ್ನೆ ಪೇಪರಲ್ಲೂ ಪದಬಂಧ ಇರುತ್ತೆ ರೀ."

ಅವನ ಬಗ್ಗೆ ನನಗೆ ಗೊತ್ತಾದದ್ದು ಬಹಳ ಕಡಿಮೆ. ಒಂದು ಕಾಲದಲ್ಲಿ ಮದುವೆಯಾಗಿತ್ತು. ಈಗ ಫ್ಲಾಟಿನಲ್ಲಿ ಒಬ್ಬನೇ. ಅಲ್ಲಿ ಬೆಕ್ಕು ಸಾಕಲು ಬಿಡುವುದಿಲ್ಲ. ಮಿಕ್ಕಂತೆ ಮಾತೆಲ್ಲ ಹವೆಯದು, ರೈಲಿನದು, ನನ್ನ ಸೋರುವ ನಲ್ಲಿಯದು. ಆ ನಲ್ಲಿಯನ್ನು ಒಂದು ದಿನ ಕೇಳದೆಯೇ ರಿಪೇರಿ ಮಾಡಿ ಹೋಗಿದ್ದ. ಹೋಗುವ ಮೊದಲು ತನ್ನ ಕಪ್ಪನ್ನು ತಾನೇ ತೊಳೆದು ಬೋರಲು ಹಾಕುತ್ತಿದ್ದ.

ಹೇಳಿಬಿಡುತ್ತೇನೆ, ನನಗೆ ಅವನು ಬೇಕಾಗಿದ್ದ. ಪ್ರೀತಿ ಗೀತಿ ಎಂದು ಯಾರೂ ಹಲ್ಲು ಕಿರಿಯುವುದು ಬೇಡ. ಆ ವಯಸ್ಸು ನನಗೂ ಇಲ್ಲ, ಆ ಮುಖ ಅವನಿಗೂ ಇಲ್ಲ. ಮಹಡಿಯಲ್ಲಿ ಒಂದು ಜೀವ ಇದೆ, ಇನ್ನು ಸ್ವಲ್ಪ ಹೊತ್ತಿಗೆ ಅದು ಮೆಟ್ಟಿಲಿಳಿದು ಬಂದು ನನ್ನೆದುರು ಕೂರುತ್ತದೆ ಎನ್ನುವುದು ಬೇಕಾಗಿತ್ತು. ರೇಸಿಲ್ಲದ ದಿನ ನಾನು ಅಂಗಡಿಗೆ ಹೋಗದಿದ್ದರೆ ಬೆಳಗಿನಿಂದ ಸಂಜೆಯವರೆಗೆ ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ. ಗೋಡೆಗೆ ತೂಗುಹಾಕಿದ ರೇಸ್‌ಕೋರ್ಸಿನ ಕ್ಯಾಲೆಂಡರಿನಲ್ಲಿ ಕುದುರೆಯ ಚಿತ್ರವಿದ್ದ ದಿನಗಳೇ ನನ್ನ ಪಾಲಿಗೆ ದಿನಗಳು. ನಾರ್ಮನ್ ಇದ್ದಿದ್ದರೆ ಆ ಕ್ಯಾಲೆಂಡರನ್ನು ಒಲೆಗೆ ಹಾಕುತ್ತಿದ್ದ.

ನಾರ್ಮನ್ ಪ್ರಾರ್ಥನೆಗೆ ಚಾಪೆಲ್ಲಿಗೆ ತಪ್ಪದೆ ಹೋಗುತ್ತಿದ್ದವನು, ಬಾಜಿಯೆಂದರೆ ಉರಿದುಬೀಳುತ್ತಿದ್ದವನು. ಅವನಪ್ಪ ವಾರದ ಕೂಲಿಯನ್ನೆಲ್ಲ ಇದೇ ಗೋಡೆಯಾಚೆ ಸುರಿದು ಬರುತ್ತಿದ್ದನಂತೆ. ಮದುವೆಯಾಗಿ ಈ ಮನೆಗೆ ಬಂದ ಮೊದಲ ಕ್ರಿಸ್‌ಮಸ್ಸಿಗೆ ಬೇರು ಸಮೇತ ಕುಂಡದಲ್ಲಿಟ್ಟ ಪುಟ್ಟ ಮರ ತಂದಿದ್ದೆವು. ಹಬ್ಬ ಮುಗಿದು ಅಲಂಕಾರ ಬಿಚ್ಚಿದ ಮೇಲೆ ನಾರ್ಮನ್ ಅದನ್ನು ಹಿತ್ತಲ ಗೋಡೆಯ ಪಕ್ಕ ನೆಟ್ಟ. ಇಲ್ಲಿ ಎಷ್ಟೋ ಮನೆಗಳಲ್ಲಿ ಹೀಗೆ ಮಾಡುತ್ತಾರೆ, ಮುಂದೆ ಅದು ಎಷ್ಟೆತ್ತರ ಹೋಗುತ್ತದೆ ಎಂದು ಆಗ ಯಾರೂ ಯೋಚಿಸುವುದಿಲ್ಲ. ನಾರ್ಮನ್ ಮಾತ್ರ ಯೋಚಿಸಿದ್ದ. "ಬೆಳೀಲಿ ಬಿಡು. ಆ ಹಾಳು ಕುದುರೆಗಳ ಮುಖ ನೋಡೋದು ತಪ್ಪುತ್ತೆ," ಎಂದಿದ್ದ. ಪ್ರತಿ ಡಿಸೆಂಬರಿನಲ್ಲೂ ಏಣಿ ಹಾಕಿ ಅದಕ್ಕೆ ದೀಪದ ಸರ ಸುತ್ತುತ್ತಿದ್ದ. ಏಣಿಗೆ ಎಟುಕದಷ್ಟು ಬೆಳೆದ ಮೇಲೂ ಕೆಳಗಿನ ಕೊಂಬೆಗಳಿಗಾದರೂ ಸುತ್ತುತ್ತಿದ್ದ. ಅದು ಮಾಡಿನ ಮಟ್ಟ ಮುಟ್ಟಿದ ವರ್ಷ ಅವನು ಹೋದ.

ಗ್ರೇಹಮ್ ಮೊದಲು ಬಂದಾಗ ಮರ ರೇಸಿನ ದೂರದ ತಿರುವನ್ನು ಮಾತ್ರ ಮರೆಮಾಡಿತ್ತು. ಎಲೆಯೆಲ್ಲ ಉದುರಿಸಿ ಬೋಳಾಗುವ ಜಾತಿಯಲ್ಲ ಅದು, ಚಳಿಗಾಲದಲ್ಲೂ ಕಪ್ಪು ಹಸಿರಾಗಿ ತುಂಬಿಕೊಂಡು ನಿಲ್ಲುವಂಥದ್ದು. ವರ್ಷ ವರ್ಷಕ್ಕೂ ಹಬ್ಬಿತು. ಮೊದಲು ಕೊನೆಯ ಬೇಲಿಯ ಅಂಚನ್ನು ನುಂಗಿತು, ಆಮೇಲೆ ಬೇಲಿಯನ್ನೇ ನುಂಗಿತು. ಹಾಸಿಗೆಯ ಚಾದರ ಬದಲಿಸಲು ಹೋದಾಗಲೆಲ್ಲ ನಾನು ಕಿಟಕಿಯಲ್ಲಿ ಇಣುಕಿ ನೋಡುತ್ತಿದ್ದೆ. ಗೆಲುವಿನ ಕಂಬ ಇನ್ನೂ ಕಾಣುತ್ತಿತ್ತು, ಆದರೆ ಕೊಂಬೆಗಳ ನಡುವೆ, ಹಲ್ಲಿನ ಸಂದಿಯಲ್ಲಿ ಸಿಕ್ಕಿದ ಕಡ್ಡಿಯಂತೆ.

ಗ್ರೇಹಮ್ ಒಂದು ದಿನವೂ ಆ ಮಾತೆತ್ತಲಿಲ್ಲ. ಅದೇ ನನಗೆ ಭಯ. ದೂರುವವನಾದರೆ ಇರುತ್ತಾನೆ, ಸುಮ್ಮನಿರುವವನು ಒಂದು ದಿನ ಸುಮ್ಮನೆ ಹೋಗಿಬಿಡುತ್ತಾನೆ.

ಆ ಚಳಿಗಾಲ ಒಂದು ದಿನ ದಟ್ಟ ಮಂಜು ಕವಿದಿತ್ತು. ರೇಸು ರದ್ದಾಗಲಿಲ್ಲ, ಆದರೆ ನನ್ನ ಹಿತ್ತಲ ಗೋಡೆಯೇ ನನಗೆ ಕಾಣುತ್ತಿರಲಿಲ್ಲ. ಅಂಥ ದಿನವೂ ಅವನು ಬಂದ. ಕುರ್ಚಿಯ ಸದ್ದು ಒಮ್ಮೆಯೂ ಕೇಳಲಿಲ್ಲ, ಟೀಗೆ ಮಾತ್ರ ಪ್ರತಿ ರೇಸಿಗೂ ಇಳಿದು ಬಂದ.

"ಏನೂ ಕಾಣ್ದಿದ್ಮೇಲೆ ಯಾಕ್ರೀ ಬಂದ್ರಿ? ಮನೇಲಿ ಬೆಚ್ಚಗಿರೋದಲ್ವಾ?" ಎಂದೆ.

"ಟಿಕೆಟ್ ಮೊದ್ಲೇ ತಗೊಂಡಿದ್ದೆ," ಎಂದು ಇನ್ನೊಂದು ಬಿಸ್ಕತ್ತಿಗೆ ಕೈ ಹಾಕಿದ.

ಮರುವಾರ ಕಸದ ಡಬ್ಬಿ ಹೊರಗಿಡುವಾಗ ಕ್ಲಿಫರ್ಡ್ ಸಿಕ್ಕ. ಮರದ ಸೂಜಿಯಂಥ ಎಲೆಗಳು ಉದುರಿ ತನ್ನ ಮಾಡಿನ ಅಂಚಿನ, ಮಳೆನೀರು ಹರಿಯುವ ದೋಣಿ ಕಟ್ಟಿಕೊಳ್ಳುತ್ತದೆ, ಅಡುಗೆಮನೆಗೆ ಬೆಳಕಿಲ್ಲ ಎಂದು ನಾರ್ಮನ್ ಇದ್ದ ಕಾಲದಿಂದಲೂ ಅವನ ತಕರಾರು. ಅವತ್ತು ಹೊಸ ವರಸೆ ತೆಗೆದ.

"ನಿನ್ನ ಬಾಡಿಗೆಯೋನು ಇನ್ನೆಷ್ಟು ದಿನ ಬರ್ತಾನೆ ಅಂದ್ಕೊಂಡಿದ್ದೀಯ?"

"ಯಾಕೆ, ಅವನಿಗೇನಾಗಿದೆ?"

"ಅವನಿಗಲ್ಲ, ನಿನ್ನ ಮರಕ್ಕೆ. ಬರೀ ಕೊಂಬೆ ನೋಡೋಕೆ ಯಾವನೇ ಲೀಡ್ಸಿಂದ ಬರ್ತಾನೆ? ಸ್ಟೇಷನ್ ರೋಡಲ್ಲಿ ಮೂಲೆ ಮನೆ ಖಾಲಿ ಇದೆ. ಅಲ್ಲಿಂದ ಕಂಬ ಅಂಗೈ ಹಂಗೆ ಕಾಣುತ್ತೆ."

"ನಿನ್ನ ದೋಣಿಗೋಸ್ಕರ ನನ್ನ ಮರ ಕಡಿಸ್ಬೇಕಾ?"

"ನನ್ನ ದೋಣಿ ಮನೆ ಹಾಳಾಗ. ನಿನ್ನ ಒಳ್ಳೇದಕ್ಕೆ ಹೇಳ್ದೆ ಕಣೇ," ಎಂದು ಮುಖ ದಪ್ಪ ಮಾಡಿಕೊಂಡು ಒಳಗೆ ಹೋದ.

ಅವನ ಹೊಟ್ಟೆಯಲ್ಲಿ ಏನಿದೆ ಎಂದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೂ ಮಾತು ಒಳಗೆ ಹೋಗಿ ಕೂತುಬಿಟ್ಟಿತು. ಸ್ಟೇಷನ್ ರೋಡಿನ ಮೂಲೆ ಮನೆಯ ಮುಂದೆ ಹಾದುಹೋದೆ, ನಿಜಕ್ಕೂ ಖಾಲಿಯಿತ್ತು. ನಾಲ್ಕಾರು ದಿನ ಹಿತ್ತಲಲ್ಲಿ ನಿಂತು ಮರದ ಜೊತೆ ಜಗಳವಾಡಿದೆ, ಅಂದರೆ ನಾರ್ಮನ್ನನ ಜೊತೆ. ನೀನಂತೂ ಹೋದೆ, ನಾನು ಯಾರ ಜೊತೆ ಮಾತಾಡಲಿ ಎಂದೆ. ಅವನು ಇದ್ದಾಗಲೂ ಇಂಥ ಪ್ರಶ್ನೆಗೆ ಉತ್ತರ ಕೊಡುತ್ತಿರಲಿಲ್ಲ.

ಗರಗಸದವರು ಒಂದು ಬೆಳಗ್ಗೆ ಬಂದರು. ಕ್ಲಿಫರ್ಡ್ ತನ್ನ ಹಿತ್ತಲಿಗೆ ಕುರ್ಚಿ ತಂದು ಹಾಕಿಕೊಂಡು, ಮದುವೆ ಮನೆಗೆ ಬಂದವನಂತೆ ಕೂತು ನೋಡಿದ. ತುದಿಯಿಂದ ತುಂಡು ತುಂಡಾಗಿ ಇಳಿಸಿದರು. ಬುಡ ಕೊಯ್ಯುವಾಗ ಒಬ್ಬ ಗರಗಸ ನಿಲ್ಲಿಸಿ ನನ್ನನ್ನು ಕರೆದ. ಕಾಂಡದ ಒಳಗೆ, ಮರವೇ ನುಂಗಿ ಬೆಳೆದಿದ್ದ ಹಸಿರು ತಂತಿಯ ತುಂಡಿತ್ತು. ಯಾವುದೋ ಡಿಸೆಂಬರಿನ ದೀಪದ ಸರ, ಬಿಚ್ಚಲು ಮರೆತದ್ದು. ಅವನು ಇಕ್ಕುಳದಿಂದ ಕಿತ್ತು ನನ್ನ ಕೈಗೆ ಕೊಟ್ಟ. ಇಡೀ ಹಿತ್ತಲಲ್ಲಿ ಕ್ರಿಸ್‌ಮಸ್ಸಿನ ವಾಸನೆ. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ತಂತಿಯನ್ನು ಚಮಚದ ಡ್ರಾಯರಿನಲ್ಲಿಟ್ಟೆ.

ಮುಂದಿನ ರೇಸಿನ ದಿನ ಆಕಾಶ ಒರೆಸಿಟ್ಟಂತೆ ಇತ್ತು. ಚಳಿಗಾಲದ ಸೂರ್ಯ ಕೆಳಗೇ ಇಳಿದು ನೇರ ಹಿತ್ತಲ ಕಡೆಯಿಂದ ಮನೆಯೊಳಗೆ ನುಗ್ಗುತ್ತಿತ್ತು. ಗ್ರೇಹಮ್ ಎಂದಿನಂತೆ ಮುಂಬಾಗಿಲಿನಿಂದ ಬಂದು, ಕೋಟು ತೂಗುಹಾಕಿ ಮೇಲೆ ಹೋದ. ಈಗ ಕೂಗುತ್ತಾನೆ, ಈಗ ಇಳಿದು ಬರುತ್ತಾನೆ ಎಂದು ಮೆಟ್ಟಿಲ ಬುಡದಲ್ಲಿ ನಿಂತು ಕಾದೆ. ಕೂಗಲಿಲ್ಲ. ಮೊದಲ ರೇಸು ಮುಗಿದು ಟೀಗೆ ಬಂದಾಗ, "ಇವತ್ತು ಬಿಸ್ಲು ಜೋರು," ಎಂದನಷ್ಟೆ.

"ಚೆನ್ನಾಗಿ ಕಾಣುತ್ತಾ?" ಎಂದು ಬಾಯಿಬಿಟ್ಟೇ ಕೇಳಿದೆ.

"ಹೂಂ, ಕಾಣುತ್ತೆ ಕಾಣುತ್ತೆ," ಎಂದು ಬಿಸ್ಕತ್ತು ಅದ್ದಿದ.

ನನಗೆ ಉರಿದುಹೋಯಿತು. ಅಷ್ಟು ದೊಡ್ಡ ಮರ ಇಲ್ಲವಾದದ್ದು ಕಣ್ಣಿಗೆ ಬೀಳದಿದ್ದರೆ ಈ ಮನುಷ್ಯ ಕುದುರೆಯನ್ನು ಹೇಗೆ ನೋಡುತ್ತಾನೆ? ಮುಂದಿನ ರೇಸು ಶುರುವಾದಾಗ ಟೀವಿ ಬಿಟ್ಟು ಹಿತ್ತಲಿಗೆ ಹೋದೆ. ಮರದ ಬುಡದ ಪಕ್ಕ ನಿಂತರೆ ನೆತ್ತಿಯ ಮೇಲೆಲ್ಲೋ ಡ್ರೋನಿನ ಗುಂಯ್ ಸದ್ದು. ರೇಸಿನ ದಿನ ಅದು ಹೊಲದ ಕಡೆಯಿಂದ ಎದ್ದು ಬರುವುದು ಎಷ್ಟೋ ಸಮಯದಿಂದ ಇತ್ತು, ಪೊಲೀಸರದಿರಬೇಕು ಎಂದುಕೊಂಡಿದ್ದೆ. ತಿರುಗಿ ಮನೆಯ ಕಡೆ ನೋಡಿದೆ.

ಹಿಂದಿನ ಕೋಣೆಯ ಕಿಟಕಿಗೆ ಪರದೆ ಎಳೆದಿತ್ತು. ಸಂದಿಯೂ ಇಲ್ಲದ ಹಾಗೆ, ಎರಡು ಅಂಚು ಸೇರಿಸಿ ಪಿನ್ನು ಸಿಕ್ಕಿಸಿತ್ತು.

ಕುದುರೆಗಳು ಗುಡುಗುಡು ಬಂದವು. ತೆರೆದಿಟ್ಟ ಅಡುಗೆಮನೆಯ ಬಾಗಿಲಿನಿಂದ, ಮೇಲೆ ಕುರ್ಚಿ ಹಿಂದಕ್ಕೆ ಸರಿದ ಸದ್ದು ಸರಿಯಾದ ಹೊತ್ತಿಗೆ ಕೇಳಿತು. ಆಮೇಲೆ ಜನರ ಕೂಗು.

ನಾನು ಟೀ ಗೀ ಏನೂ ಇಲ್ಲದೆ ಮೆಟ್ಟಿಲು ಹತ್ತಿ ಬಾಗಿಲು ತೆರೆದೆ. ಕೋಣೆ ಕತ್ತಲು. ಲ್ಯಾಪ್‌ಟಾಪಿನಲ್ಲಿ ನಮ್ಮ ರೇಸ್‌ಕೋರ್ಸು, ಹಕ್ಕಿಯ ಕಣ್ಣಿಗೆ ಕಾಣುವಂತೆ, ಮೇಲಿನಿಂದ.

"ಪರದೆ ಯಾಕ್ರೀ ಎಳೆದಿದ್ದೀರಿ?"

"ಬಿಸ್ಲು ಸ್ಕ್ರೀನ್ ಮೇಲೆ ಬೀಳುತ್ತೆ, ಮಿಸೆಸ್ ಟರ್ಟನ್. ಇಷ್ಟು ದಿನ ಬೀಳ್ತಿರ್ಲಿಲ್ಲ, ಇವತ್ತೇನೋ ಬಂದ ತಕ್ಷಣ ಕಣ್ಣಿಗೇ ಹೊಡೀತು…" ಎಂದವನು ತಾನೇ ಅನುಮಾನ ಬಂದವನಂತೆ ಎದ್ದು ಪರದೆಯ ಅಂಚು ಎತ್ತಿದ. "ಮರ ಎಲ್ಲಿ?"

"ಕಡಿಸ್ದೆ."

"ಯಾಕೆ?"

"ಯಾಕೆ ಅಂತ ಕೇಳ್ತೀರಲ್ರೀ! ನಿಮಗೆ ಕಾಣ್ಲಿ ಅಂತ!"

ಅವನು ಕುರ್ಚಿಯಲ್ಲಿ ಕೂತ. ಆಮೇಲೆ ನೆಲ ನೋಡುತ್ತ ಹೇಳಿದ. ಹೊಲದಾಚೆ ಯಾರೋ ಡ್ರೋನು ಹಾರಿಸುತ್ತಾರೆ, ಅದರ ಚಿತ್ರ ಚಂದಾ ಕಟ್ಟಿದವರಿಗೆ ಕಣ್ಣು ಮಿಟುಕಿಸುವಷ್ಟರಲ್ಲಿ ತಲುಪುತ್ತದೆ. ಈಗ ಎಲ್ಲರೂ ಅದನ್ನೇ ನೋಡುವುದು. ಕಿಟಕಿ ಯಾರಿಗೂ ಬೇಡ. ಅವನೂ ಎರಡು ಚಳಿಗಾಲದಿಂದ ಕಿಟಕಿಯಾಚೆ ನೋಡಿರಲಿಲ್ಲ. ಮರದ ನೆರಳಿಗೆ ಸ್ಕ್ರೀನು ಚೆನ್ನಾಗಿ ಕಾಣುತ್ತಿತ್ತು ಅಷ್ಟೆ.

"ಈ ಚಿತ್ರ ನಿಮ್ಮ ಲೀಡ್ಸಿನ ಮನೇಲೂ ಬರುತ್ತಾ?"

"ಬರುತ್ತೆ."

"ಇಷ್ಟೇ ಬೇಗ?"

"ಇಷ್ಟೇ ಬೇಗ."

"ಮತ್ತೆ ಯಾವ ಸುಖಕ್ಕೆ ರೈಲು ಹತ್ತಿ ಇಲ್ಲಿಗೆ ಬರ್ತೀರಿ?"

ನಾನು ಬಾಗಿಲಿಗೆ ಒರಗಿ ನಿಂತೆ, ಬಿಡುವ ಹಾಗಿರಲಿಲ್ಲ. ಎರಡು ರೇಸುಗಳ ನಡುವಿನ ಟೀ ಹೊತ್ತೆಲ್ಲ ಹಾಗೇ ಕಳೆದು, ಲ್ಯಾಪ್‌ಟಾಪಿನಲ್ಲಿ ಮುಂದಿನ ರೇಸು ಶುರುವಾಯಿತು. ಅವನ ಕೈ ಮೊಣಕಾಲ ಮೇಲೇ ಇತ್ತು. ಕುದುರೆಗಳು ಅವನ ಮೊಣಕೈಯ ಪಕ್ಕ ಇರುವೆಯಂತೆ ಓಡಿ, ಬೇಲಿ ಹಾರಿ, ಕಂಬ ದಾಟಿದವು. ಅವನು ನೋಡಲಿಲ್ಲ. ಹೊರಗೆ ಜನ ಕೂಗಿದರು. ಕೆಳಗೆ ನನ್ನ ಟೀವಿ ಕೂಗಿತು. ಕ್ಲಿಫರ್ಡ್ ಕೂಗಿದ. ಎಲ್ಲರದೂ ಆದ ಮೇಲೆ ಗ್ರೇಹಮ್ ಹೇಳಿದ:

"ಇಲ್ಲಿ ಟೀ ಚೆನ್ನಾಗಿರುತ್ತೆ."

ನನ್ನ ಕಣ್ಣ ಮುಂದೆ ಇದ್ದದ್ದು ನಾರ್ಮನ್ನನ ಮರದ ಬುಡ. ಅದಕ್ಕೆ ಬೆಲೆ ಇಷ್ಟೇನಾ ಅನ್ನಿಸಿತು. "ಟೀ ಬೇಕಿದ್ರೆ ಸ್ಟೇಷನ್ ಎದುರಿಗೆ ಹೋಟ್ಲಿದೆ. ಬಿಸ್ಕತ್ತೂ ಕೊಡ್ತಾರೆ," ಎಂದೆ.

ಅವನ ಮುಖ ಹೇಗಾಯಿತೆಂದರೆ, ಬೇಡ, ಅದನ್ನು ಹೇಳುವುದಿಲ್ಲ. ಲ್ಯಾಪ್‌ಟಾಪು ಮಡಿಚಿದ. ಪರದೆಯ ಪಿನ್ನು ತೆಗೆದು ಮೇಜಿನ ಮೇಲಿಟ್ಟ. ಅಡುಗೆಮನೆಗೆ ಹೋಗಿ ತನ್ನ ಕಪ್ಪು ತೊಳೆದು ಬೋರಲು ಹಾಕಿದ. ಇನ್ನೂ ರೇಸುಗಳಿದ್ದವು. ಕೋಟು ಹಾಕಿಕೊಂಡು ಬಾಗಿಲಲ್ಲಿ ತಿರುಗಿ ನಿಂತ.

"ಆ ಮಂಜಿನ ದಿನ ಲ್ಯಾಪ್‌ಟಾಪಲ್ಲೂ ಏನೂ ಕಾಣ್ತಿರ್ಲಿಲ್ಲ, ಮಿಸೆಸ್ ಟರ್ಟನ್. ಡ್ರೋನ್ ಹಾರ್ಸೇ ಇರ್ಲಿಲ್ಲ."

"ಆಯ್ತು ಬಿಡಿ," ಎಂದೆ ನಾನು, ದೊಡ್ಡ ಮನಸ್ಸಿನವಳಂತೆ.

ಗೇಟಿನ ಸದ್ದಾಯಿತು. ಮಿಕ್ಕ ಕಪ್ಪುಗಳನ್ನು ತೊಳೆದೆ, ಒರೆಸಿದೆ, ಒಂದನ್ನು ಮೊಳೆಗೆ ತೂಗುಹಾಕಿದೆ. ಎರಡನೆಯದನ್ನು ತೂಗುಹಾಕುವಾಗ ಅವನು ಏನು ಹೇಳಿ ಹೋದನೆಂಬುದು ನನಗೆ ತಲುಪಿತು. ಏನೂ ಕಾಣದ ದಿನ, ಮಾಡಲು ಏನೂ ಇಲ್ಲದ ದಿನ, ರೈಲು ಹತ್ತಿ ಬಂದು ಮಹಡಿಯಲ್ಲಿ ಸುಮ್ಮನೆ ಕೂತು, ಟೀ ಹೊತ್ತಿಗೆ ಕಾದಿದ್ದ. ಕೆಳಗೆ ನಾನು ಕಾದ ಹಾಗೆಯೇ. ಒದ್ದೆ ಕೈಯಲ್ಲೇ ಹೊರಗೆ ಓಡಿದೆ. ರಸ್ತೆಯಲ್ಲಿ ಯಾರೂ ಇರಲಿಲ್ಲ.

ನಮ್ಮ ಕಡೆಯ ಗಂಡಸರಿಗೆ ಯಾರ ಮನೆಗಾದರೂ ಹೋಗಲು ಒಂದು ನೆಪ ಬೇಕು. ಏಣಿ ಬೇಕಿತ್ತು, ಕಾಗದ ನಿಮ್ಮ ಮನೆಯದು ನಮ್ಮಲ್ಲಿ ಹಾಕಿದ್ದಾರೆ, ಇಂಥದ್ದು. ನೆಪವಿಲ್ಲದೆ ಬಂದು, ನಿಮ್ಮ ಜೊತೆ ಕೂರೋಣ ಅನ್ನಿಸಿತು ಎನ್ನುವುದಕ್ಕಿಂತ ಅವರಿಗೆ ಬೆತ್ತಲೆ ನಿಲ್ಲುವುದು ಸುಲಭ. ಗ್ರೇಹಮನಿಗೆ ಇದ್ದದ್ದು ಒಂದೇ ನೆಪ, ಒಂದು ಕಿಟಕಿ. ಅದಕ್ಕೆ ಮರ ಅಡ್ಡ ಬಂದಿದ್ದರೂ ಅವನಿಗೆ ಸಾಕಾಗಿತ್ತು. ನಾನು ಅದನ್ನು ಕಡಿಸಿ, ಪೂರ್ತಿ ಬೆಳಕು ಬಿಟ್ಟು, ಬಾಗಿಲಲ್ಲಿ ನಿಂತು ಯಾಕೆ ಬರ್ತೀರಿ ಎಂದು ಕೇಳಿದ್ದೆ.

ಮುಂದಿನ ರೇಸಿಗೆ ಅವನು ಬರಲಿಲ್ಲ. ಬಿಸ್ಕತ್ತು ತಂದಿಟ್ಟಿದ್ದೆ. ಮಧ್ಯಾಹ್ನದ ರೈಲು ಬಂದು ಹೋದ ಸದ್ದು ಕೇಳಿತು, ಗೇಟು ಮಾತ್ರ ಸದ್ದು ಮಾಡಲಿಲ್ಲ. ಮೊದಲ ರೇಸು ಟೀವಿಯಲ್ಲಿ ನೋಡಿದೆ. ಮೇಲಿನಿಂದ ಕುರ್ಚಿಯ ಸದ್ದಿಲ್ಲದೆ, ಹೊರಗೆ ಜನ ಕೂಗುವವರೆಗೂ ರೇಸು ಮುಗಿದದ್ದು ನನಗೆ ಗೊತ್ತಾಗಲಿಲ್ಲ. ಆ ಮಂಜಿನ ದಿನ ಬಿಟ್ಟರೆ ಅಷ್ಟು ವರ್ಷದಲ್ಲಿ ಅದೇ ಮೊದಲು. ಮನೆ ತುಂಬ ದೊಡ್ಡದಾಗಿತ್ತು.

ಮೇಲೆ ಹೋಗಿ ಅವನ ಕುರ್ಚಿಯಲ್ಲಿ ಕೂತೆ. ಪರದೆ ಸರಿಸಿದೆ. ನಾರ್ಮನ್ನನ ಮನೆಗೆ ಬಂದು ಇಷ್ಟು ವರ್ಷವಾದರೂ ಆ ಕಿಟಕಿಯಿಂದ ಒಂದು ರೇಸನ್ನೂ ನಾನು ಪೂರ್ತಿ ನೋಡಿರಲಿಲ್ಲ. ತಿರುವು, ಬೇಲಿ, ಕಂಬ ಎಲ್ಲ ಕಣ್ಣಿಗೆ ಹತ್ತಿರ ಬಂದು ನಿಂತಿದ್ದವು. ದೂರದಲ್ಲಿ ಕುದುರೆಗಳು ಹೊರಟವು. ಫೋನು ಏಪ್ರನ್ನಿನ ಜೇಬಿನಲ್ಲಿತ್ತು. ರೇಸಿನ ನಡುವೆ ಅವನು ಸತ್ತರೂ ಫೋನು ಎತ್ತುವವನಲ್ಲ ಎಂದು ಗೊತ್ತಿದ್ದೇ ಒತ್ತಿದೆ.

ಎತ್ತಿದ.

"ನಾನು, ಹೇಜಲ್ ಟರ್ಟನ್."

"ಗೊತ್ತು."

ಏನು ಹೇಳಬೇಕೆಂದು ಯೋಚಿಸಿಯೇ ಇರಲಿಲ್ಲ. ಕಣ್ಣ ಮುಂದೆ ಇದ್ದದ್ದನ್ನೇ ಹೇಳಿದೆ. "ನಿಮ್ಮ ಕಿಟಕಿ ಹತ್ರ ಕೂತಿದ್ದೀನಿ. ಎಲ್ಲ ಕಾಣ್ತಿದೆ ರೀ. ಬಿಳೀದೊಂದು ಮುಂದಿದೆ. ಸವಾರಂದು ಹಸಿರು ಟೋಪಿ."

ಅವನ ಕೋಣೆಯಲ್ಲಿ ಗಡಿಯಾರವೂ ಇದ್ದಂತಿರಲಿಲ್ಲ, ಅಷ್ಟು ನಿಶ್ಶಬ್ದ. ಆಮೇಲೆ, "ಹೌದಾ?" ಎಂದ.

"ಹೂಂ. ಹಿಂದೆ ಒಂದು ಕಂದು. ಹತ್ರ ಬರ್ತಾ ಇದೆ."

"ಆಮೇಲೆ?"

"ಬೇಲಿ ಬಂತು. ಬಿಳೀದು ಹಾರ್ತು. ಅಯ್ಯಯ್ಯೋ ಬಿತ್ತು! ಬಿದ್ಬಿಡ್ತು ರೀ! ಕಂದು ಹೋಗ್ತಿದೆ, ಒಂದೇ ಹೋಗ್ತಿದೆ…"

"ಕುದುರೆಗೆ ಏನಾದ್ರೂ ಆಯ್ತಾ?"

"ಇಲ್ಲ, ಎದ್ತು. ಅವನೂ ಎದ್ದ. ಕುಂಟ್ತಾ ಇದ್ದಾನೆ, ಆದ್ರೆ ನಡೀತಿದ್ದಾನೆ."

"ಸದ್ಯ," ಎಂದು ಉಸಿರು ಬಿಟ್ಟ. ಎಲ್ಲವೂ ಅವನೆದುರಿನ ಲ್ಯಾಪ್‌ಟಾಪಿನಲ್ಲಿ ನನಗಿಂತ ಚೆನ್ನಾಗಿ ಕಂಡಿತ್ತು. ಅದು ನನಗೆ ಗೊತ್ತಿದೆ ಎಂದು ಅವನಿಗೂ ಗೊತ್ತಿತ್ತು.

ಜನರ ಕೂಗು ಇಳಿಯಿತು. ಕೆಳಗೆ ಟೀವಿಯವನು ಬಿದ್ದ ಕುದುರೆಯ ಹೆಸರು ಹೇಳಿ ಹಳಹಳಿಸಿದ. ಗೋಡೆಯಾಚೆ ಕ್ಲಿಫರ್ಡ್, "ಬಾರೋ ಬಿಳಿಯಾ! ಬಿಡ್ಬೇಡ, ಬಾರೋ!" ಎಂದು ಗಂಟಲು ಹರಿದುಕೊಂಡ.

"ಕ್ಲಿಫರ್ಡಾ ಅದು?" ಎಂದ ಗ್ರೇಹಮ್.

"ಇನ್ಯಾರು. ಅವನ ಟೀವೀಲಿ ಅದಿನ್ನೂ ಬಿದ್ದಿಲ್ಲ. ಅವನ ಬಾಜಿ ನೀವೇ ಹಿಡಿದ್ರಾ?"

"ಇಲ್ಲ. ಫೋನಲ್ಲಿದ್ದೆನಲ್ಲ."

ನಗು ಬಂತು, ಅದರ ಹಿಂದೆಯೇ ಅಳು ಬರುವ ಹಾಗಿತ್ತು. ಬಿಸಿಲು ಮೇಜಿನ ಮೇಲೆ ಬಿದ್ದಿತ್ತು, ಅವನು ಲ್ಯಾಪ್‌ಟಾಪು ಇಡುತ್ತಿದ್ದ ಜಾಗದಲ್ಲಿ, ಅವನು ತೆಗೆದಿಟ್ಟಿದ್ದ ಪಿನ್ನಿನ ಮೇಲೆ.

"ಗ್ರೇಹಮ್, ದಪ್ಪ ಪರದೆ ಹೊಲಿಸ್ತೀನಿ ರೀ," ಎಂದೆ. "ಒಂಚೂರೂ ಬಿಸ್ಲು ಬೀಳ್ದೇ ಇರೋ ಅಂಥದ್ದು. ಕಿಟಕಿ ಇದೆ ಅಂತಾನೇ ಗೊತ್ತಾಗ್ಬಾರ್ದು, ಹಂಗೆ."

ಗೋಡೆಯಾಚೆ ಈಗ ಕ್ಲಿಫರ್ಡನ ಕುದುರೆಯೂ ಬಿತ್ತು. ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದು ಕಾದೆ.